ಅತ್ತೆಯ ಹಂಚಿಗೆ ತಾಮ್ರದ ತಳ

ಶಾಖದ ವಿಷಯದಲ್ಲಿ ನನ್ನಷ್ಟು ತಿಳಿದವನು ಜಹೀರಾಬಾದಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಈ ನಂಬಿಕೆಗೆ ಆಧಾರವಿರಲಿಲ್ಲ ಎನ್ನಬೇಡಿ. ಊರ ಹೊರಗೆ ಕಾರ್ಖಾನೆಗಳ ಸಾಲಿನಲ್ಲಿ ಲೋಹ ಸಿಂಪಡಿಸುವ ಒಂದು ಷೆಡ್ಡಿದೆ. ನಾನು ಅಲ್ಲಿ ಸೂಪರ್‌ವೈಸರ್. ಸವೆದುಹೋದ ಶಾಫ್ಟು, ತುಕ್ಕು ಹಿಡಿಯುವ ಪೈಪು, ಇಂಥವೆಲ್ಲ ನಮ್ಮಲ್ಲಿಗೆ ಬರುತ್ತವೆ. ನಮ್ಮ ಹತ್ತಿರ ಪಿಸ್ತೂಲಿನಂಥ ಒಂದು ಗನ್ನು. ಅದರೊಳಗೆ ಎರಡು ತಂತಿಗಳು ಸರಿಯುತ್ತ ಹೋಗಿ ಬಾಯಿಯ ಹತ್ತಿರ ಒಂದಕ್ಕೊಂದು ಮುಖ ಕೊಡುತ್ತವೆ. ಅಲ್ಲಿ ಕರೆಂಟಿನ ಕಿಡಿ ಹಾರಿ ತಂತಿ ಕರಗುತ್ತದೆ. ಹಿಂದಿನಿಂದ ಕಂಪ್ರೆಸರಿನ ಗಾಳಿ ಬಂದು ಕರಗಿದ್ದನ್ನು ಹನಿಹನಿಯಾಗಿ ಊದುತ್ತದೆ. ಎದುರಿಗೆ ಇಟ್ಟ ವಸ್ತುವಿಗೆ ಲೋಹದ ಅಂಗಿ ತೊಡಿಸಿದಂತಾಗುತ್ತದೆ. ಸತುವಿನ ತಂತಿ ಹಾಕಿದರೆ ಸತುವಿನ ಅಂಗಿ, ತಾಮ್ರದ ತಂತಿ ಹಾಕಿದರೆ ತಾಮ್ರದ ಅಂಗಿ.

ಇದಲ್ಲದೆ ನಾನು ಕಂಪನಿಯ ಖರ್ಚಿನಲ್ಲಿ ಹೈದರಾಬಾದಿಗೆ ತರಬೇತಿಗೂ ಹೋಗಿ ಬಂದವನು. ಬೆಳಗಿನ ಪಾಠ, ಲೋಹಗಳಲ್ಲಿ ಶಾಖ ಹೇಗೆ ಹರಿಯುತ್ತದೆ ಎಂಬುದು. ತಾಮ್ರದಲ್ಲಿ ಶಾಖ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಸರಾಗವಾಗಿ ಹರಿಯುತ್ತದೆ ಎಂದು ಗುರುಗಳು ಹೇಳಿದರು. ನಾನು ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸಿದೆ. ಮಧ್ಯಾಹ್ನ ಊಟಕ್ಕೆ ಬಗಾರಾ ಅನ್ನ, ದಾಲ್ಚಾ, ಮೇಲೆ ಡಬಲ್ ಕಾ ಮೀಠಾ. ಊಟದ ನಂತರದ ಪಾಠ, ಸಿಂಪಡಿಸಿದ ಲೋಹದಲ್ಲಿ ಶಾಖ ಹೇಗೆ ಹರಿಯುತ್ತದೆ ಎಂಬುದು. ಎ.ಸಿ. ತಣ್ಣಗೆ ಬೀಸುತ್ತಿತ್ತು, ಗುರುಗಳ ದನಿಯೂ ಇಂಪಾಗಿತ್ತು. ನಾನು ಕಣ್ಣು ತೆರೆದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಸಭ್ಯನಾದ ನಾನೂ ತಟ್ಟಿದೆ. ಸಂಜೆ ಎಲ್ಲರ ಜೊತೆ ನನಗೂ ಸರ್ಟಿಫಿಕೇಟ್ ಕೊಟ್ಟರು, ಅದಕ್ಕೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದೆ. ಅರ್ಧ ಪಾಠ ಕೇಳಿದವರಿಗೆ ಅರ್ಧ ಸರ್ಟಿಫಿಕೇಟ್ ಕೊಡುವ ಪದ್ಧತಿ ಇದ್ದಿದ್ದರೆ ಮುಂದಿನ ಅನಾಹುತವೆಲ್ಲ ತಪ್ಪುತ್ತಿತ್ತು.

ಇನ್ನು ಅನಾಹುತಕ್ಕೆ ಗುರಿಯಾದ ವಸ್ತುವಿನ ಪರಿಚಯ. ನನ್ನ ಹೆಂಡತಿ ಮಹಾದೇವಿ ರಾಯಿಕೋಡಿನ ಕಡೆಯವಳು. ಕುರಿ ಸಾಕುವ ಮನೆತನ. ಅವಳ ಅವ್ವ ತೀರಿಹೋದ ಮೇಲೆ ತವರಿನಿಂದ ಅವಳು ಬಾಯಿ ಬಿಟ್ಟು ಕೇಳಿ ತಂದದ್ದು ಒಂದೇ ವಸ್ತು, ಅವ್ವ ರೊಟ್ಟಿ ಮಾಡುತ್ತಿದ್ದ ಕಬ್ಬಿಣದ ಹಂಚು. ಅವ್ವ ಹೊಸ ಸೊಸೆಯಾಗಿದ್ದಾಗ ನಾರಾಯಣಖೇಡದ ಸಂತೆಯಲ್ಲಿ ಕೊಂಡದ್ದಂತೆ. ಅದರ ಮೇಲ್ಮುಖ ಎಣ್ಣೆ ಹಚ್ಚಿದಂತೆ ನುಣ್ಣಗೆ ಕಪ್ಪು. ತಳದಲ್ಲಿ ಕಟ್ಟಿಗೆ ಒಲೆಯ ಕಾಲದಿಂದ ಕೂತ ಮಸಿ. ಆ ಹಂಚನ್ನು ತಿಕ್ಕಲು ಕೂಡ ಮಹಾದೇವಿ ಬೇರೆಯವರಿಗೆ ಕೊಡುತ್ತಿರಲಿಲ್ಲ.

ಮಹಾದೇವಿಯ ತಂಗಿ ರೇಣುಕಾಳನ್ನು ತಾಂಡೂರಿಗೆ ಕೊಟ್ಟಿದೆ. ಗಂಡ ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿದ್ದಾನೆ. ರೇಣುಕಾ ಈಗ ಬಸುರಿ. ಮೊದಲ ಬಸಿರು, ಅದೂ ಬಹಳ ತ್ರಾಸಿನದು. ತಿಂದದ್ದು ಯಾವುದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹುಡುಗಿ ಒಣಗಿದ ಕಡ್ಡಿಯಾಗಿದ್ದಳು. ಏನು ಸೇರುತ್ತದೋ ಅದನ್ನೇ ತಿನ್ನಿಸಿ, ಆದರೆ ತಿನ್ನಿಸಿ ಎಂದು ಡಾಕ್ಟರಮ್ಮ ಗದರಿದ್ದರು. ಒಂದು ದಿನ ಅವಳ ಫೋನು ಬಂತು.

"ಅಕ್ಕಾ, ನಂಗ ಅವ್ವನ ರೊಟ್ಟಿ ತಿನ್ಬೇಕು ಅನಸ್ತದ," ಎಂದಳು. "ಬ್ಯಾರೆ ಏನೂ ಬ್ಯಾಡ. ಅವ್ವನ ಹಂಚಿನ ಮ್ಯಾಲ ಮಾಡ್ಕೊಂಡು ತಗೊಂಡ್ ಬಾ."

ಆ ಕಡೆ ಅವಳು ಅತ್ತಳು, ಈ ಕಡೆ ಇವಳು ಅತ್ತಳು. ನಮ್ಮ ಕಡೆ ಬಸುರಿಗೆ ತವರಿನಿಂದ ಬಯಕೆಯ ಬುತ್ತಿ ಒಯ್ಯುವುದು ಪದ್ಧತಿ. ಅವ್ವ ಇಲ್ಲದ ಮೇಲೆ ಆ ಜಾಗದಲ್ಲಿ ನಿಲ್ಲಬೇಕಾದವಳು ಅಕ್ಕನೇ. ಶನಿವಾರ ಹೋಗುವುದೆಂದು ಮಹಾದೇವಿ ಅಲ್ಲೇ ನಿಶ್ಚಯ ಮಾಡಿದಳು. ಬುತ್ತಿ ಎಂದರೆ ಬಸುರಿಯೊಬ್ಬಳಿಗೆ ಸಾಲುವಷ್ಟಿದ್ದರೆ ಆಗುವುದಿಲ್ಲ. ಬೀಗರ ಮನೆಯವರು ಅದನ್ನು ಓಣಿಗೆಲ್ಲ ಬೀರುತ್ತಾರೆ. ತವರಿನವರು ಎಂಥವರು ಎಂಬುದನ್ನು ಓಣಿಯವರು ಆ ರೊಟ್ಟಿಯ ಗಾತ್ರ, ತೆಳುವು, ರುಚಿ ನೋಡಿ ಅಳೆಯುತ್ತಾರೆ. ರೇಣುಕಾಳ ಅತ್ತೆ ಸುಭದ್ರಮ್ಮ ಅಳೆಯುವ ಕೆಲಸವನ್ನು ಓಣಿಯವರಿಗೆ ಬಿಟ್ಟುಕೊಡುವ ಹೆಂಗಸೂ ಅಲ್ಲ.

"ಇಷ್ಟು ರೊಟ್ಟಿ ಯಾವಾಗ ಮಾಡಾಕ ಆಗ್ತದೋ ಏನೋ," ಎಂದು ಮಹಾದೇವಿ ಹಿಟ್ಟಿನ ಡಬ್ಬಿ ಇಳಿಸುತ್ತ ಗೊಣಗಿದಳು. "ಈ ಹಂಚು ಕಾಯಾಕೇ ಅರ್ಧಾ ಮುಂಜಾನಿ ಹೋಗ್ತದ."

ಅದು ಯಾರನ್ನೂ ಉದ್ದೇಶಿಸಿ ಆಡಿದ ಮಾತಲ್ಲ. ಆದರೆ ತಜ್ಞನಾದವನಿಗೆ ಎಲ್ಲ ಗೊಣಗೂ ಆಹ್ವಾನಪತ್ರಿಕೆಯಂತೆ ಕೇಳಿಸುತ್ತದೆ. ನಾನು ಪೇಪರು ಮಡಚಿಟ್ಟು ಎದ್ದು ಬಂದೆ.

"ಹಂಚು ಕೊಡು. ತಳಕ್ಕ ತಾಮ್ರ ಹೊಡಸ್ಕೊಂಡು ಬರ್ತೀನಿ," ಎಂದೆ.

"ಯಾಕ? ಹಂಚಿಗಿ ಏನಾಗ್ಯದ?"

"ಏನೂ ಆಗಿಲ್ಲ, ಅದೇ ಅದರ ತೊಂದರಿ. ಅದು ಇನ್ನಾ ನಿಮ್ಮ ಅವ್ವನ ಕಾಲದಾಗೇ ಅದ."

ಅನಂತರ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಣ್ಣದೊಂದು ಉಪನ್ಯಾಸ ಮಾಡಿದೆ. ಕಬ್ಬಿಣದಲ್ಲಿ ಶಾಖ ರಾಯಿಕೋಡಿನ ಮಣ್ಣು ದಾರಿಯಲ್ಲಿ ಎತ್ತಿನ ಗಾಡಿ ಹೋದಂತೆ ಹೋಗುತ್ತದೆ. ತಾಮ್ರದಲ್ಲಿ ಮುಂಬಯಿ ಹೈವೇ ಮೇಲೆ ವೋಲ್ವೊ ಹೋದಂತೆ ಹೋಗುತ್ತದೆ. ತಳಕ್ಕೆ ತಾಮ್ರವಿದ್ದರೆ ಬೆಂಕಿ ಹಂಚಿನ ಮೂಲೆಮೂಲೆಗೂ ಒಂದೇ ಸಮ ಮುಟ್ಟುತ್ತದೆ. ಒಂದು ರೊಟ್ಟಿ ಬೇಯುವ ಹೊತ್ತಿನಲ್ಲಿ ಎರಡು ಬೇಯುತ್ತವೆ. ಅವಳ ಸೊಂಟನೋವಿಗೂ ಇದೇ ಪರಿಹಾರ ಎಂದು ಕೊನೆಗೆ ಸೇರಿಸಿದೆ.

ಮಹಾದೇವಿ ಕೇಳಿಸಿಕೊಂಡಳು. "ಅದು ಅವ್ವನ ಹಂಚದ ರೀ," ಎಂದಳು.

"ಮ್ಯಾಲಿನ ಮುಖ ಮುಟ್ಟೋದೇ ಇಲ್ಲ."

"ಖರೆ?"

"ಖರೆ. ಸರ್ಟಿಫಿಕೇಟ್ ನೋಡಿದ್ಯಲ್ಲಾ?"

ಅವಳು ಗೋಡೆಯ ಕಡೆ ನೋಡಿದಳು. ಕಟ್ಟು ಹಾಕಿಸಿದ ಕಾಗದಕ್ಕೆ ಏನು ಶಕ್ತಿಯಿದೆಯೋ ಕಾಣೆ, ಹಂಚನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಸಂಜಿಗಿ ಬರಬೇಕು. ಹ್ಯಾಂಗ ಹೋಗ್ಯದೋ ಹಾಂಗೇ ಬರಬೇಕು," ಎಂದಳು.

"ಹಾಂಗ್ಯಾಕ? ಅದಕ್ಕಿಂತ ಚೊಲೊ ಆಗಿ ಬರ್ತದ," ಎಂದೆ. ಆ ಹೊತ್ತಿನಲ್ಲಿ ಯಾರಾದರೂ ನನ್ನ ಬಾಯಿ ಮುಚ್ಚಿದ್ದರೆ ಅವರಿಗೆ ನಾನು ಜೀವಮಾನವಿಡೀ ಕೃತಜ್ಞನಾಗಿರುತ್ತಿದ್ದೆ.

ಷೆಡ್ಡಿನಲ್ಲಿ ಗನ್ನು ಹಿಡಿಯುವವನು ಯಾದಗಿರಿ. ನಾನು ಹೇಳಿದ್ದಕ್ಕೆ ಅವನು ಇಲ್ಲ ಎಂದದ್ದನ್ನು ಇವತ್ತಿನವರೆಗೆ ಕೇಳಿಲ್ಲ. ಈ ಕಾರಣಕ್ಕೆ ಅವನನ್ನು ನಾನು ಬಹಳ ಬುದ್ಧಿವಂತನೆಂದು ಎಣಿಸಿದ್ದೆ. ಹಂಚನ್ನು ಮೇಜಿನ ಮೇಲಿಟ್ಟು ಯೋಜನೆ ವಿವರಿಸಿದೆ.

"ಮಸ್ತ್ ಆಗ್ತದ್ ಸಾರ್," ಎಂದ.

ನಮ್ಮ ಕೆಲಸದಲ್ಲಿ ಒಂದು ಮೂಲ ನಿಯಮವಿದೆ. ಲೋಹ ಸಿಂಪಡಿಸುವ ಮೊದಲು ಆ ಜಾಗವನ್ನು ಮರಳು ಊದಿ ಸ್ವಚ್ಛ ಮಾಡಬೇಕು, ಒರಟಾಗಿಸಬೇಕು. ಇಲ್ಲದಿದ್ದರೆ ಲೋಹ ಹಿಡಿಯುವುದಿಲ್ಲ. ಈ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಷೆಡ್ಡಿನ ಬಾಗಿಲಿಗೆ ಹಾಕಿಸಿದವನೂ ನಾನೇ. ಯಾದಗಿರಿ ಒಂದು ಅಂಚಿನಿಂದ ಮರಳು ಊದತೊಡಗಿದ. ಮಸಿ ಹಾರಿ ಬಿಳಿ ಕಬ್ಬಿಣ ಕಂಡಿತು. ಹಂಚು ಸವೆದು ಎಷ್ಟು ತೆಳ್ಳಗಾಗಿದೆ ಎಂಬುದೂ ಕಂಡಿತು. ಇನ್ನೂ ಊದಿದರೆ ಅವ್ವನ ಹಂಚಿಗೆ ತೂತು ಬಿದ್ದೀತು.

"ಬಸ್, ನಿಲ್ಲಿಸು. ನಡೂಕ ಊದಬ್ಯಾಡ. ಅರಿವಿಲೆ ಒರಸಿಬಿಡು, ಸಾಕು," ಎಂದೆ.

"ಸಾಕ್ ಸಾರ್," ಎಂದ ಯಾದಗಿರಿ.

ಹೀಗೆ ಒಂದು ಅಂಚು ಶುದ್ಧವಾಗಿ, ನಡುಭಾಗ ಮಸಿ ಸಮೇತ ಉಳಿದ ಹಂಚಿನ ಮೇಲೆ ತಾಮ್ರದ ಮಳೆ ಶುರುವಾಯಿತು. ಮೊದಲ ಪದರ ಬಿದ್ದಾಗ ತಳ ಕೆಂಪಗೆ ಮಿಂಚಿತು. ನನಗೆ ಸುಖವಾಯಿತು. "ಇನ್ನೊಂದು ಹೊಡೀಲೇನ್ ಸಾರ್?" ಎಂದ. ಒಂದರಿಂದ ಲಾಭವಿದ್ದರೆ ಎರಡರಿಂದ ಇಮ್ಮಡಿ ಲಾಭ ಎಂಬುದು ಯಾವ ಶಾಸ್ತ್ರಕ್ಕೂ ವಿರೋಧವಲ್ಲವಲ್ಲ. ಹೊಡಿ ಎಂದೆ. ಆಮೇಲೆ ಅವನು ಕೇಳುತ್ತ ಹೋದ, ನಾನು ಹೊಡಿ ಹೊಡಿ ಎನ್ನುತ್ತ ಹೋದೆ. ಗನ್ನು ನಿಂತಾಗ ತಾಮ್ರ ರೊಟ್ಟಿಗಿಂತ ದಪ್ಪಗಿತ್ತು. ಷೆಡ್ಡಿನವರೆಲ್ಲ ಬಂದು ನೋಡಿದರು. ಒಬ್ಬ ಮೊಬೈಲಿನಲ್ಲಿ ಫೋಟೊ ತೆಗೆದ. ಹಂಚಿನ ಪಕ್ಕದಲ್ಲಿ ನಾನೂ ನಿಂತೆ.

ಸಂಜೆ ಮನೆಯಲ್ಲಿ ಹಂಚಿನ ಲೋಕಾರ್ಪಣೆಯಾಯಿತು. ಸೀರೆಯ ತುಂಡನ್ನು ನಾನೇ ಮೆಲ್ಲಗೆ ಸರಿಸಿದೆ. ಮಹಾದೇವಿ ಮೊದಲು ಮೇಲ್ಮುಖ ನೋಡಿದಳು. ಅದು ಇದ್ದಂತೆಯೇ ಇತ್ತು. ಅವಳ ಮುಖ ಸಡಿಲಾಯಿತು. ಆಮೇಲೆ ಹಂಚನ್ನು ತಿರುವಿದಳು.

"ಭಾರ ಆಗ್ಯದಲ್ರೀ," ಎಂದಳು.

"ಚೊಲೊ ಮಾಲು ಭಾರೇ ಇರ್ತದ."

ತಳದ ಮೇಲೆ ಕೈಯಾಡಿಸಿದಳು. "ಉಪ್ಪಿನ ಕಾಗದದಂಗ ಖರಖರ ಅಂತದ."

"ಅದಕ್ಕ ಹಿಡಿತ ಅಂತಾರ," ಎಂದೆ. ಯಾವುದರ ಹಿಡಿತ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಶನಿವಾರ ಬೆಳಗಾಗುತ್ತಲೇ ಕೆಲಸ ಶುರುವಾಯಿತು. ಪರಾತದಲ್ಲಿ ಜೋಳದ ಹಿಟ್ಟು ನಾದಿಟ್ಟು ಮಹಾದೇವಿ ಒಲೆಯ ಮೇಲೆ ಹಂಚಿಟ್ಟಳು. ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತೆ. ತಜ್ಞನ ಉಪಸ್ಥಿತಿ ಇರಲಿ ಎಂದು. ಅವಳು ರೊಟ್ಟಿ ಬಡಿಯುವುದನ್ನು ನೋಡುವುದೇ ಒಂದು ಸಂತೋಷ. ಎರಡೂ ಕೈಯಲ್ಲಿ ತಟ್ಟುತ್ತ ತಿರುಗಿಸುತ್ತ ಹೋದರೆ ರೊಟ್ಟಿ ತಾನೇ ಅಗಲವಾಗುತ್ತದೆ. ಮೊದಲ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದಳು. ಆ ನೀರು ಆರಿದ ಮೇಲೆ ರೊಟ್ಟಿಯನ್ನು ತಿರುವಬೇಕು.

ನೀರು ಆರಲಿಲ್ಲ.

"ಒಲಿ ಹತ್ತ್ಯದೋ ಇಲ್ಲೋ ನೋಡ್ರಿ," ಎಂದಳು.

ಬಗ್ಗಿ ನೋಡಿದೆ. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು. "ಹೊಸಾ ತಾಮ್ರ ಅಲ್ಲೇನು, ಬೆಂಕಿಗಿ ಜರಾ ಪರಿಚಯ ಆಗಬೇಕು," ಎಂದೆ.

ಪರಿಚಯವಾಗಲೆಂದು ಉರಿ ಹೆಚ್ಚಿಸಿದಳು. ಇನ್ನೂ ಹೆಚ್ಚಿಸಿದಳು. ರೊಟ್ಟಿಯ ನಡುವೆ ನೀರು ಹಾಗೆಯೇ ಪಳಪಳ ಹೊಳೆಯುತ್ತಿತ್ತು. ಆದರೆ ಒಂದು ಅಂಚಿನಿಂದ ಹೊಗೆ ಎದ್ದು ಸುಟ್ಟ ವಾಸನೆ ಬಂತು. ತಿರುವಿ ನೋಡಿದರೆ ಆ ಅಂಚು ಇದ್ದಿಲು, ನಡುಭಾಗ ಹಸಿ ಹಿಟ್ಟು. ಎರಡನೆಯದೂ ಹಾಗೆಯೇ ಆಯಿತು. ಮೂರನೆಯದು ಹಂಚಿನ ಮೇಲಿದ್ದಾಗ ಕೆಳಗಿನಿಂದ ಟಣ್ ಎಂದು ಸದ್ದಾಯಿತು. ಹಂಚು ಒಂದು ಕಡೆಗೆ ವಾಲಿ, ತೊಟ್ಟಿಲಿನಂತೆ ತೂಗತೊಡಗಿತು. ಮಹಾದೇವಿ ಗ್ಯಾಸು ಆರಿಸಿ, ಇಕ್ಕಳದಿಂದ ಹಂಚನ್ನು ಎತ್ತಿ ತಿರುಗಿಸಿದಳು. ನಡುವಿನ ತಾಮ್ರ ಕಬ್ಬಿಣವನ್ನು ಬಿಟ್ಟು ಮೇಲೆದ್ದು, ದುಂಡಗೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು.

ರೊಟ್ಟಿ ಉಬ್ಬಿರಲಿಲ್ಲ. ಹಂಚು ಉಬ್ಬಿತ್ತು!

ನಾನು ಮೆಲ್ಲಗೆ ಹೊರಗೆ ಹೋಗಿ ಹೈದರಾಬಾದಿನ ಗುರುಗಳಿಗೆ ಫೋನು ಹಚ್ಚಿದೆ. ಹಂಚು ಎನ್ನಲು ನಾಚಿಕೆಯಾಗಿ, ಒಂದು ಮಹತ್ವದ ಉಪಕರಣ ಎಂದೆ. ಅವರು ಬಹಳ ತಾಳ್ಮೆಯಿಂದ ವಿವರಿಸಿದರು. ಸಿಂಪಡಿಸಿದ ತಾಮ್ರವು ಗಟ್ಟಿ ತಾಮ್ರದ ಹಾಗೆ ಅಖಂಡವಲ್ಲವಂತೆ. ಹನಿಗಳು ಬಂದು ಅಪ್ಪಳಿಸಿ ಚಪ್ಪಟೆಯಾಗಿ, ಒಂದರ ಮೇಲೊಂದು ಕೂರುತ್ತವಂತೆ. ನಡುನಡುವೆ ಗಾಳಿಯ ಸಂದು, ಹನಿಹನಿಗೂ ಹಾರುವಾಗಲೇ ಹಿಡಿದ ಕಿಲುಬಿನ ಸಿಪ್ಪೆ. ಶಾಖ ಒಂದು ಚಪ್ಪಟೆಯಿಂದ ಇನ್ನೊಂದಕ್ಕೆ ದಾಟುವಾಗ ಎಡವುತ್ತ ಹೋಗುತ್ತದೆ. ಹೀಗಾಗಿ ಗಟ್ಟಿ ತಾಮ್ರದ ಗುಣ ಅದಕ್ಕೆ ಬಹಳಷ್ಟು ಬರುವುದಿಲ್ಲ. ದಪ್ಪ ಮಾಡಿದಷ್ಟೂ ತನ್ನೊಳಗೇ ಬಿಗಿದುಕೊಂಡು ಎದ್ದುಬರುತ್ತದೆ. ತಳ ಸ್ವಚ್ಛವಿಲ್ಲದಿದ್ದರಂತೂ ಕೇಳುವುದೇ ಬೇಡ. ಎದ್ದ ಮೇಲೆ ನಡುವೆ ತುಂಬುವುದು ಬರೀ ಗಾಳಿ, ಗಾಳಿಯಲ್ಲಿ ಶಾಖ ಮುಂದಕ್ಕೆ ಹೋಗಲು ಒಲ್ಲೆ ಎನ್ನುತ್ತದೆ.

"ಇದನ್ನೆಲ್ಲ ಮಧ್ಯಾಹ್ನದ ಪಾಠದಲ್ಲಿ ಹೇಳಿದ್ದೆನಲ್ಲ. ನೀವು ಇರಲಿಲ್ಲವೇ?" ಎಂದರು.

"ಇದ್ದೆ ಸರ್," ಎಂದೆ. ಹಾಜರಿ ಪುಸ್ತಕವೂ ಅದನ್ನೇ ಹೇಳುತ್ತದೆ.

ಒಳಗೆ ಬಂದು ಮಹಾದೇವಿಗೆ ಇದನ್ನು ಆದಷ್ಟು ಗೌರವಯುತ ಭಾಷೆಯಲ್ಲಿ ತಿಳಿಸಿದೆ. ಪದರಗಳು, ಪದರದೊಳಗೆ ಗಾಳಿ, ಗಾಳಿಯಿಂದ ತಡೆ. ಅವಳು ಕುರಿ ಕಾಯುವವರ ಮಗಳು, ಗಾಳಿ ಹಿಡಿದಿಟ್ಟು ಮೈ ಬೆಚ್ಚಗಿಡುವ ವಸ್ತು ಯಾವುದೆಂದು ಅವಳಿಗೆ ನಾನು ಕಲಿಸಬೇಕಿರಲಿಲ್ಲ.

"ಅಂದ್ರ ಅವ್ವನ ಹಂಚಿಗಿ ಕಂಬಳಿ ಹೊಚ್ಚಿ ತಂದೀರಿ," ಎಂದಳು.

ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ. ಉಳಿ ತಂದು ತಾಮ್ರ ಎಬ್ಬಿಸಿಬಿಡುತ್ತೇನೆ ಎಂದು ಹಂಚಿಗೆ ಕೈ ಹಾಕಿದೆ. ಅವಳು ಅದನ್ನು ಎದೆಗೆ ಎಳೆದುಕೊಂಡಳು.

"ಮುಟ್ಟಬ್ಯಾಡ್ರಿ. ಅವ್ವಂದು ಅಂತ ನನ್ನ ಹತ್ರ ಇದ್ದದ್ದು ಇದೊಂದೇ. ಆಕಿ ಅಲ್ಲಿ ಹೊಟ್ಟಿಗಿ ಇಲ್ದೆ ಬಿದ್ದಾಳ. ಏನ್ ತಗೊಂಡ್ ಹೋಗ್ಲಿ ನಾ?" ಎಂದು ಅಲ್ಲೇ ಕೂತು ಅತ್ತುಬಿಟ್ಟಳು. ಬೈದಿದ್ದರೆ ನನಗೆ ಉತ್ತರ ಕೊಡುವ ಅಭ್ಯಾಸವಿತ್ತು. ಅತ್ತದ್ದಕ್ಕೆ ಚಾಚಿದ ಕೈಯನ್ನು ಹಿಂದೆ ಎಳೆದುಕೊಂಡೆ. ಆವತ್ತು ನನ್ನ ಬಗ್ಗೆ ನನಗೇ ಹೇಸಿಕೆಯಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದಳು, ಮುಖ ತೊಳೆದಳು. ಎದುರು ಮನೆಯಿಂದ ಹಂಚು ಕೇಳಿ ತಂದಳು. ಅದೂ ಕಬ್ಬಿಣದ್ದೇ, ಯಾವ ಸರ್ಟಿಫಿಕೇಟಿನ ಕಣ್ಣಿಗೂ ಬೀಳದ ಪುಣ್ಯವಂತ ಹಂಚು. ಅದರ ಮೇಲೆ ರೊಟ್ಟಿಗಳು ಒಂದಾದ ಮೇಲೊಂದು ಹುರುಪಿನಿಂದ ಉಬ್ಬಿದವು. ನಾನು ಸ್ಟೂಲನ್ನು ಹೊರಗಿಟ್ಟು, ಹೇಳಿಸಿಕೊಳ್ಳದೆ ಶೇಂಗಾ ಹುರಿದು ಸಿಪ್ಪೆ ತೆಗೆದುಕೊಟ್ಟೆ. ಶೇಂಗಾ ಹಿಂಡಿ, ಪುಂಡಿ ಪಲ್ಯ, ಎಣ್ಣೆಗಾಯಿ, ಗಟ್ಟಿ ಮೊಸರು, ಎಲ್ಲ ಸೇರಿ ಬುತ್ತಿ ಸಿದ್ಧವಾಯಿತು. ಕೊನೆಗೆ ಅವ್ವನ ಹಂಚಿನ ಆ ಕೆಟ್ಟ ರೊಟ್ಟಿಗಳನ್ನು ಬೇರೊಂದು ಅರಿವೆಯಲ್ಲಿ ಗಂಟು ಕಟ್ಟಿದಳು.

"ಅವು ಯಾರಿಗಿ?" ಎಂದೆ.

"ನಿಮಗ. ಇವತ್ತು ನೀವು ಇವನ್ನೇ ತಿನ್ನೋದು," ಎಂದಳು.

ಜಹೀರಾಬಾದಿನಿಂದ ತಾಂಡೂರಿನವರೆಗೆ ಬಸ್ಸಿನಲ್ಲಿ ಅವಳು ನನ್ನ ಜೊತೆ ಮಾತಾಡಲಿಲ್ಲ. ಬುತ್ತಿಯ ಗಂಟು ಅವಳ ತೊಡೆಯ ಮೇಲೆ, ಶಿಕ್ಷೆಯ ಗಂಟು ನನ್ನ ತೊಡೆಯ ಮೇಲೆ.

ತಾಂಡೂರಿನಲ್ಲಿ ಸುಭದ್ರಮ್ಮ ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. ನೆಲಕ್ಕೆಲ್ಲ ಆ ಊರಿನದೇ ಕಲ್ಲು, ಮುಖ ಕಾಣುವಷ್ಟು ನುಣುಪು. ನಾನು ನೆಲ ನೋಡದೆ ನಡೆದೆ. ಮಹಾದೇವಿ ಬುತ್ತಿ ಬಿಚ್ಚಿದಳು. ಸುಭದ್ರಮ್ಮ ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿದರು. ಬುತ್ತಿ ಪರೀಕ್ಷೆಯಲ್ಲಿ ಪಾಸಾಯಿತು. ರೇಣುಕಾ ಬಂದು ಕೂತಳು. ಕೆನ್ನೆಯ ಎಲುಬುಗಳು ಎದ್ದು ಕಾಣುತ್ತಿದ್ದವು. ಒಂದು ತುತ್ತು ಮುರಿದು ಹಿಂಡಿ ಹಚ್ಚಿ ಬಾಯಿಗಿಟ್ಟುಕೊಂಡಳು. ಅಗಿದಳು. ಎರಡನೆಯ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.

"ಚೊಲೊ ಆಗ್ಯಾವ ಅಕ್ಕಾ," ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು.

"ವಾರದಿಂದ ಅವ್ವನ ಹಂಚಿನ ರೊಟ್ಟಿ ಅಂತ ಜಪಾ ಮಾಡ್ಲಕತ್ತಿದ್ಳು," ಎಂದರು ಸುಭದ್ರಮ್ಮ. "ಇವೂ ಸೇರ್ಲಿಲ್ಲ ಅಂದ್ರ ಇನ್ನೇನ್ ಮಾಡೋದಮ್ಮಾ?"

ಮಹಾದೇವಿ ನನ್ನ ಕಡೆ ನೋಡಿದಳು. "ಇವು ಅವ್ವನ ಹಂಚಿನವು ಅಲ್ರಿ," ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ಯಾಕೆ ಅಲ್ಲ ಎಂಬ ಪ್ರಶ್ನೆ ಬರುವ ಮೊದಲೇ ನಾನು ಗಂಟು ತೆಗೆದುಕೊಂಡು ಎದ್ದು ಹೊರಗಿನ ಕಟ್ಟೆಗೆ ಹೋದೆ.

ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿದೆ. ಹಸಿವೆಯೂ ಆಗಿತ್ತು, ಶಿಕ್ಷೆಯನ್ನು ಬೇಗ ಮುಗಿಸಿಬಿಡೋಣ ಎಂದೂ ಇತ್ತು. ಮೊದಲ ತುತ್ತಿನಲ್ಲಿ ಇದ್ದಿಲು ಬಂತು, ಎರಡನೆಯದರಲ್ಲಿ ಹಿಟ್ಟು. ಅಷ್ಟರಲ್ಲಿ ರೇಣುಕಾ ಹಿತ್ತಲಿನಿಂದ ಸುತ್ತಿಕೊಂಡು, ಗೋಡೆ ಹಿಡಿದು ಗಾಳಿಗೆಂದು ಈ ಕಡೆ ಬಂದಳು.

"ಮಾಮಾ, ಏನ್ ತಿನ್ಲಕತ್ತೀರಿ?" ಎಂದಳು.

"ಮಾಡಿದ್ದು ತಿನ್ಲಕತ್ತೀನವ್ವಾ."

"ವಾಸನಿ ಬಂತು. ತೋರಸ್ರಿ ಇಲ್ಲಿ."

ಬೇಡ ಎನ್ನುವುದರೊಳಗೆ ರೊಟ್ಟಿ ಅವಳ ಕೈಯಲ್ಲಿತ್ತು. ಮೂಗಿಗೆ ಹಿಡಿದಳು. ಸುಟ್ಟ ಅಂಚನ್ನು ಕಟ್ ಎಂದು ಮುರಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ಹಿಂಡಿ ಇಲ್ಲ, ಪಲ್ಯ ಇಲ್ಲ, ಮಾತೂ ಇಲ್ಲ, ತಿನ್ನತೊಡಗಿದಳು. ಅದು ಮುಗಿದ ಮೇಲೆ ಇನ್ನೊಂದಕ್ಕೆ ಕೈ ನೀಡಿದಳು. ನಾನು ಹೆದರಿ ಒಳಗಿನವರನ್ನು ಕೂಗಿದೆ. ಅಕ್ಕ, ಅತ್ತೆ ಇಬ್ಬರೂ ಓಡಿ ಬಂದರು.

"ಅಕ್ಕಾ, ಅವ್ವನ ರೊಟ್ಟಿ ಇವೇ," ಎಂದಳು ರೇಣುಕಾ, ತುಂಬಿದ ಬಾಯಲ್ಲಿ.

"ಹುಚ್ಚಿ, ಅವು ಕೆಟ್ಟಾವ. ಬಿಡು. ಅವ್ವನ ರೊಟ್ಟಿ ಹಿಂಗ ಇರ್ತಿದ್ವೇನು?"

"ಹಿಂಗೇ ಇರ್ತಿದ್ವು. ನೀ ಮರ್ತಿ. ಅವ್ವ ರೊಟ್ಟಿ ಹಂಚಿಗಿ ಹಾಕಿ ಕುರಿಮರಿ ಹಿಡ್ಯಾಕ ಓಡ್ತಿದ್ಳಲ್ಲಾ. ತಿರುಗಿ ಬರೋದ್ರಾಗ ಒಂದ್ ಕಡಿ ಸುಟ್ಟು ಕರಿ ಆಗ್ತಿತ್ತು. ಅದನ್ನ ತಿರುವಿ ಹಾಕಿ ಮತ್ತ ಓಡ್ತಿದ್ಳು. ನಡೂಕ ಎಂದೂ ಬೇಯ್ತಿರಲಿಲ್ಲ. ಸುಟ್ಟದ್ದು ನನಗಿರಲಿ ಅಂತ ಆಕಿ ತೆಗೆದಿಡ್ತಿದ್ಳು, ನಾ ಕಸ್ಕೊಂಡು ತಿಂತಿದ್ದೆ. ಚೊಲೊ ರೊಟ್ಟಿ ಅಂತ ನಮ್ಮ ಮನ್ಯಾಗ ಕಂಡದ್ದು ನೀ ಮಾಡಾಕ ಕಲ್ತ ಮ್ಯಾಲ."

ಇಷ್ಟು ವರ್ಷ ಮಹಾದೇವಿ ಹೇಳುತ್ತ ಬಂದ ಅವ್ವನ ರೊಟ್ಟಿ ಬೆಳ್ಳಗೆ, ತೆಳ್ಳಗೆ, ದುಂಡಗೆ ಉಬ್ಬಿ ಬರುತ್ತಿತ್ತು. ನನ್ನ ಎದುರಿಗೆ ಹೊಗಳಿ ಹೊಗಳಿ ಅವಳಿಗೇ ಅದು ಖರೆ ಆಗಿಬಿಟ್ಟಿತ್ತು. ಗಂಟಿನಲ್ಲಿ ಉಳಿದ ತುಂಡೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

"ಹೌದು ನೋಡು," ಎಂದಳು. "ಅಪ್ಪ ದಿನಾ ಬೈತಿದ್ದ."

ಅಕ್ಕತಂಗಿಯರಿಬ್ಬರೂ ನಕ್ಕರು. ನಗುತ್ತಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನನಗೂ ಕಣ್ಣು ತುಂಬಿ ಬಂತು. ಅವ್ವ ಹಂಚಿನ ಹತ್ತಿರ ನಿಂತು, ಅರ್ಧ ಬೆಂದ ರೊಟ್ಟಿ ಬಿಟ್ಟು ಈಗಷ್ಟೇ ಮರಿಯ ಹಿಂದೆ ಓಡಿಹೋದಳು ಎಂಬಂತೆ ಇಬ್ಬರೂ ಮಾತಾಡತೊಡಗಿದ್ದರು.

ಸಂಜೆಯವರೆಗೆ ಮನೆಯವರೆಲ್ಲ ರೇಣುಕಾಳ ಮುಖವನ್ನೇ ನೋಡುತ್ತ ಕಾದೆವು. ಅವಳು ಹಿತ್ತಲಿಗೆ ಓಡಲಿಲ್ಲ. ರೊಟ್ಟಿ ಹೊಟ್ಟೆಯಲ್ಲಿ ನಿಂತಿತು.

ರೊಟ್ಟಿ ನಿಂತದ್ದು ಖಚಿತವಾದ ಕೂಡಲೇ ನನ್ನೊಳಗಿನ ತಜ್ಞ ಮತ್ತೆ ಎದ್ದು ಕೂತ. ಅಂಗಿಯ ಮೇಲಿನ ಇದ್ದಿಲಿನ ಪುಡಿ ಕೊಡವಿಕೊಂಡು, ಇದು ಆಕಸ್ಮಿಕವಲ್ಲ, ಇದರ ಹಿಂದೆ ಶಾಸ್ತ್ರವಿದೆ ಎಂದು ಸುಭದ್ರಮ್ಮನವರಿಗೆ ಬಿಡಿಸಿ ಹೇಳಿದೆ. ಚಪ್ಪಟೆ ಹನಿಗಳು, ನಡುವಿನ ಗಾಳಿ, ಎಡವುವ ಶಾಖ, ಶುದ್ಧವಾದ ಅಂಚಿನಲ್ಲಿ ತಾಮ್ರ ಹಿಡಿದುಕೊಂಡದ್ದು, ಮಸಿಯ ನಡುವಿನಲ್ಲಿ ಎದ್ದದ್ದು. ಮಧ್ಯಾಹ್ನದ ಪಾಠವನ್ನು ಇಡಿಯಾಗಿ ಒಪ್ಪಿಸಿದೆ. ಅವರು ಗಲ್ಲಕ್ಕೆ ಕೈಯಿಟ್ಟು ಕೊನೆಯವರೆಗೆ ಕೇಳಿದರು.

"ಅಂದ್ರ ಬೀಗರ, ಬೆಂಕಿ ಇದ್ರೂ ಬೇಯದಂಗ ಮಾಡೋದು ನಿಮ್ಮ ಕೆಲಸ ಏನ್ರಿ?" ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ. ಸೊಸೆಯ ಬಂಧು ಏನು ನೌಕರಿ ಮಾಡುತ್ತಾನೆಂದು ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು.

ಮರಳುವ ಬಸ್ಸಿನಲ್ಲಿ ಮಹಾದೇವಿ ಮಾತಾಡಿದಳು. "ತಾಮ್ರ ತೆಗಿಯೋದು ಬ್ಯಾಡ. ಆಕಿ ಹಡಿಯೋ ತನಕಾ ಹಾಂಗೇ ಇರ್ಲಿ. ವಾರಾ ವಾರಾ ನೀವೇ ರೊಟ್ಟಿ ಒಯ್ದು ಕೊಟ್ಟು ಬರ್ರಿ," ಎಂದಳು.

ನಾನು ಎದೆ ಸೆಟೆಸಿ ಕೂತೆ. "ನೋಡ್ದಿ? ಕಡಿಗೂ ನಮ್ಮ ಕೋಟಿಂಗೇ ಕೆಲಸಕ್ಕ ಬಂತು."

ಅವಳು ಖಾಲಿಯಾದ ಗಂಟಿನ ಅರಿವೆಯನ್ನು ಕೊಡವಿ ಮಡಚಿದಳು. "ಇಂಥಾ ರೊಟ್ಟಿ ಮಾಡಾಕ ಅವ್ವಗ ಒಂದ್ ಕುರಿಮರಿ ಸಾಕಾಗ್ತಿತ್ತು," ಎಂದಳು. "ನಿಮಗ ಗನ್ನು ಬೇಕಾತು, ಕಂಪ್ರೆಸರ್ ಬೇಕಾತು, ಹೈದರಾಬಾದಿಗಿ ಬ್ಯಾರೆ ಹೋಗಿ ಬರಬೇಕಾತು."

ಈಗ ತಾಂಡೂರಿಗೆ ರೊಟ್ಟಿ ಒಯ್ಯುವ ದಿನ ಬಿಟ್ಟರೆ ಹಂಚು ನಮ್ಮ ಮನೆಯ ಗೋಡೆಯ ಮೇಲಿರುತ್ತದೆ. ಇಡಲು ಹೋದರೆ ಹೊಟ್ಟೆಯ ಮೇಲೆ ತೂಗುತ್ತದೆ ಎಂದು ಮಹಾದೇವಿ ಅದನ್ನು ಮೊಳೆಗೆ ಸಿಕ್ಕಿಸಿದ್ದಾಳೆ. ಮೊಳೆ ಹೊಡೆದದ್ದು ನನ್ನ ಸರ್ಟಿಫಿಕೇಟಿನ ಪಕ್ಕದಲ್ಲೇ. ಮನೆಗೆ ಬಂದವರು ಇದೇನು ಎಂದು ಕೇಳಿದಾಗಲೆಲ್ಲ ಅವಳು ಬೆರಳು ಮಾಡಿ, "ಇದಾ? ನಮ್ಮ ಮನಿಯವರು ಕಲ್ತು ಬಂದದ್ದು," ಎನ್ನುತ್ತಾಳೆ. ಆ ಬೆರಳು ಎರಡರಲ್ಲಿ ಯಾವುದರ ಕಡೆಗಿದೆ ಎಂದು ನಾನು ತಿರುಗಿ ನೋಡಲು ಹೋಗುವುದಿಲ್ಲ.